ಕರಪತ್ರದ ಮೂರನೇ ಅಂಶ

ಟ್ಯಾಮರಾಕ್ ಫಾಲ್ಸ್, ಮೊಂಟಾನಾ
ಅಕ್ಟೋಬರ್ 11, ಮಂಗಳವಾರ

ಮುದ್ದಿನ ಮಗಳು ಸಿಗ್ರಿಡ್‌ಗೆ,

ಗಂಟಲು ಈಗ ಹೇಗಿದೆ? ಭಾನುವಾರ ರೇಡಿಯೋದಲ್ಲಿ ನಿನ್ನ ದನಿ ಪೂರ್ತಿ ಒಡೆದುಹೋಗಿತ್ತು. ಬಿಸಿನೀರಿಗೆ ಜೇನು ಹಾಕಿ ಕುಡಿಯಬೇಕಂತೆ, ಅಮ್ಮನ ಅಪ್ಪಣೆ. ನನ್ನ ಮೊಣಕಾಲು ಹಾಗೇ ಇದೆ. ಮನೆಮನೆಗೆ ನಿನ್ನ ಕರಪತ್ರ ಹಂಚುವಾಗ ಮೆಟ್ಟಿಲು ಕಂಡರೆ ಮಾತ್ರ ಮುನಿಸಿಕೊಳ್ಳುತ್ತದೆ. ಫೋನ್ ಮಾಡಿದರೆ ಎತ್ತುವವನು ನಿನ್ನ ಪ್ರಚಾರ ನೋಡಿಕೊಳ್ಳುವ ಆ ಗ್ರೇಡಿ. "ಮೇಡಂ ಮೀಟಿಂಗಲ್ಲಿದಾರೆ ಸಾರ್, ಹೇಳ್ತೀನಿ" ಅಂತಾನೆ. ಐದು ಸಲ ಹೀಗೇ ಅಂದ. ಮೂರು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. "ಒಂದೋ ಹೊರಗೆ ಹೋಗಿ, ಇಲ್ಲಾ ಒಳಗೆ ಕೂತ್ಕೊಳ್ಳಿ, ಬಾಗ್ಲು ಸವೀತಿದೆ" ಎಂದು ನಿನ್ನಮ್ಮ ರೇಗಿದಳು. ಅದಕ್ಕೇ ಈ ಕಾಗದ.

ನೀನು ಸಂಸತ್ತಿಗೆ ನಿಂತಾಗ ಕಳಿಸಿದ ಮೊದಲ ಕರಪತ್ರದಲ್ಲಿ ಆರು ಅಂಶಗಳಿದ್ದವು: ತೆರಿಗೆ, ಶಾಲೆ, ಆಸ್ಪತ್ರೆ, ಬಂದೂಕು, ಗಡಿ, ಪಿಂಚಣಿ. ಬಂದೂಕಿನ ವಿಷಯದಲ್ಲಿ ನನಗೂ ನಿನಗೂ ಎಂದೂ ಸರಿಬಂದಿಲ್ಲ, ತೆರಿಗೆಯಲ್ಲೂ ಅಷ್ಟೆ, ಆದರೂ ಹಂಚಿದೆ. ಯಾಕೆಂದರೆ ಮೂರನೆಯದು ಹೀಗಿತ್ತು: "ಮುಚ್ಚಿದ ಹೆರಿಗೆ ವಾರ್ಡುಗಳನ್ನು ಮತ್ತೆ ತೆರೆಸುತ್ತೇನೆ." ಹೋದ ವಾರ ಗ್ರೇಡಿ ಹೊಸ ಪೆಟ್ಟಿಗೆ ಕಳಿಸಿ, ಹಳೆಯದನ್ನು ಎಸೆಯಿರಿ ಅಂದ. ಅದೇ ಫೋಟೋ, ಅದೇ ನಗು. ಮೂರನೇ ಅಂಶ ಮಾತ್ರ "ಹೆರಿಗೆ ಸೇವೆಗಳ ಸಾಧ್ಯತೆಯನ್ನು ಪರಿಶೀಲಿಸಲಾಗುವುದು" ಎಂದಾಗಿತ್ತು. ಪರಿಶೀಲಿಸುವವರು ಯಾರು ಅಂತಲೂ ಇಲ್ಲವಲ್ಲ ಮಗಳೇ!

ಬೇಕರಿಯ ಮೆರಿಬೆತ್‌ಗೆ ಈಗ ಏಳು ತಿಂಗಳು. ಹಳೆಯ ಕರಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. ಶನಿವಾರ ಹೊಸದನ್ನು ಕೊಟ್ಟೆ. ಎರಡನ್ನೂ ಪಕ್ಕಪಕ್ಕ ಹಿಡಿದು ಓದಿ, "ಅಲ್ಲಾ ಒರಿನ್ ಅಂಕಲ್, ನೋವು ಶುರುವಾದ್ರೆ ಪರಿಶೀಲನೆ ಮುಗಿಯೋವರ್ಗೂ ತಡ್ಕೊಂಡಿರ್ಲಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನಮ್ಮ ಪಕ್ಕದ ಬೀದಿಯ ಟೆಸ್ ನೆನಪಾದಳು. ನಮ್ಮೂರಿನ ವಾರ್ಡ್ ಮುಚ್ಚಿದ ಆ ಚಳಿಗಾಲದಲ್ಲಿ ಅವಳನ್ನು ಆಂಬುಲೆನ್ಸಿನಲ್ಲಿ ಕೂರಿಸಿಕೊಂಡು ತೊಂಬತ್ತು ಮೈಲಿ ದೂರದ ಆಸ್ಪತ್ರೆಗೆ ಹೊರಟವನು ಆಗ ಆ ಗಾಡಿಯ ಡ್ರೈವರಾಗಿದ್ದ ನಾನು. ದಾರಿಯಲ್ಲೇ ಹೆರಿಗೆಯಾಯಿತು, ಮಗು ಉಳಿಯಿತು, ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಳು ಎಂದು ನಿನಗೆ ಹೇಳಿದ್ದೆ. ನಿಜ ಅದಲ್ಲ. ಅವಳು ಗಾಡಿಯಲ್ಲೇ ಹೋದಳು. ರಕ್ತ ನಿಲ್ಲಲೇ ಇಲ್ಲ. "ಇನ್ನೆಷ್ಟು ದೂರ ಅಂಕಲ್?" ಎಂದು ಕೇಳುತ್ತಲೇ ಇದ್ದಳು. "ಬಂದೇಬಿಟ್ವಿ ಕಂದಾ" ಅಂದೆ. ಇನ್ನೂ ನಲವತ್ತು ಮೈಲಿ ಇತ್ತು. ಇದನ್ನು ನಿನ್ನಮ್ಮನಿಗೂ ಹೇಳಿಲ್ಲ.

"ಗೆಲ್ಬೇಕಾದ್ರೆ ಕೆಲವನ್ನ ಮೆತ್ತಗೆ ಹೇಳ್ಬೇಕಾಗುತ್ತೆ ಸಾರ್" ಎಂದು ಗ್ರೇಡಿ ನನಗೆ ಪಾಠ ಮಾಡಿದ. ಇರಬಹುದು. ನನಗೆ ರಾಜಕೀಯ ತಿಳಿಯದು, ರಸ್ತೆ ತಿಳಿಯುತ್ತದೆ. ನೀನು ಮೋಸ ಮಾಡಿದೆ ಎನ್ನುತ್ತಿಲ್ಲ. ದಿನಕ್ಕೆ ನಾಲ್ಕು ಊರು ಸುತ್ತಿ ಬಂದವಳ ಮುಂದೆ ಹಾಳೆ ಹಿಡಿದರೆ ಯಾರಾದರೂ ತಲೆಯಾಡಿಸಿಬಿಡುತ್ತಾರೆ. ಆದರೆ ಅದನ್ನು ನೀನೇ ಬದಲಿಸಿದೆಯೋ, ನಿನಗೆ ಗೊತ್ತಿಲ್ಲದೆ ಬದಲಾಯಿತೋ ಅನ್ನುವುದು ಗೊತ್ತಾಗದೆ ನನಗೆ ನಿದ್ದೆ ಹತ್ತುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗೆದ್ದರೂ ಸೋತರೂ ನೀನು ನಮ್ಮ ಮಗಳೇ. ಒಳ್ಳೆಯದಾಗಲಿ ಕಂದಾ.

ನಿನ್ನ ಅಪ್ಪ,
ಒರಿನ್

ಮರೆತಿದ್ದೆ: ಅಂಚೆಯವಳು ಬಂದಾಯಿತು, ಚುಟುಕಾಗಿ ಹೇಳಿಬಿಡುತ್ತೇನೆ. ಗ್ರೇಡಿ ಕಳಿಸಿದ ಹೊಸ ಪೆಟ್ಟಿಗೆ ಗ್ಯಾರೇಜಿನಲ್ಲೇ ಇದೆ. ನಿನ್ನೆ, ಮೊನ್ನೆ ಇನ್ನೂರು ಮನೆಗೆ ಹಂಚಿದ್ದು ಹಳೆಯದನ್ನೇ. ಹದಿನೆಂಟನೇ ತಾರೀಕು ಇಲ್ಲಿನ ಶಾಲೆಯ ಸಭಾಂಗಣದಲ್ಲಿ ನಿನ್ನ ಪ್ರಚಾರಸಭೆ ಇದೆಯಲ್ಲ, ಜನ ಅದನ್ನೇ ಕೈಯಲ್ಲಿ ಹಿಡಿದು ನಿನ್ನನ್ನು ಕೇಳುತ್ತಾರೆ. ಮೊದಲು ಏಳುವವಳು ಮೆರಿಬೆತ್. ಟೆಸ್‌ಳ ಕಥೆ ನಾನು ಅಲ್ಲಿ ಹೇಳುವುದಿಲ್ಲ, ಅದು ನಿನಗೆ ಮಾತ್ರ. ಬೈಯುವುದಿದ್ದರೆ ಸಭೆ ಮುಗಿದ ಮೇಲೆ ಮನೆಗೆ ಬಂದು ಬೈ. ಉತ್ತರವನ್ನು ಮಾತ್ರ ಗ್ರೇಡಿಯಿಂದ ಬರೆಸಬೇಡ.