ಪರದೆಯ ಹಿಂದಿನಿಂದ ಬಂದ ಸುವಾರ್ತೆ

ಪರದೆಯ ಮರೆಯಲ್ಲಿ ನಿಂತು ನನ್ನ ನಾಲಿಗೆ ಆಡಿಸಿದ ಗೆಳೆಯ ಪಿಸುದನಿಗೆ,

ಈಗ ಎಲ್ಲರೂ ನಿನ್ನನ್ನು ಬೋಧಕರೇ ಅನ್ನುತ್ತಾರೆ, ಕಂಡಲ್ಲಿ ಎದ್ದು ನಿಲ್ಲುತ್ತಾರೆ. ನನ್ನಿಂದಾಗದು. ನಾಟಕ ಕಂಪನಿಯಲ್ಲಿ ನಾವಿಬ್ಬರೂ ಒಂದೇ ವೇಷದ ಪೆಟ್ಟಿಗೆಯ ಮೇಲೆ ಮಲಗಿ ಬೆಳೆದವರು. ನಾನು ನಗಾರಿ, ನೀನು ಪಿಸುದನಿ. ಮೇಷ್ಟ್ರು ಇಟ್ಟ ಹೆಸರುಗಳು. ನನಗೆ ಗಂಟಲಿತ್ತು, ನೆನಪಿರಲಿಲ್ಲ. ನಿನಗೆ ನೆನಪಿತ್ತು, ಗಂಟಲಿರಲಿಲ್ಲ. "ಇಬ್ಬರನ್ನೂ ಅರೆದು ಕಲಸಿದ್ರೆ ಒಬ್ಬ ನಟ ಆಗ್ತಾನಲ್ಲಪ್ಪಾ!" ಎಂದು ಅವರು ಹಣೆ ಚಚ್ಚಿಕೊಳ್ಳುತ್ತಿದ್ದರು.

ರಾಜನಾದೆ, ರಾಕ್ಷಸನಾದೆ, ಹಲ್ಲುದುರಿದ ಸೇನಾಪತಿಯಾದೆ. ಒಂದು ಪಾತ್ರದ ಒಂದು ಮಾತನ್ನಾದರೂ ಬಾಯಿಪಾಠ ಮಾಡಿದೆನೇ? ಇಲ್ಲ! ಪರದೆಯ ಹಿಂದಿನಿಂದ ನೀನು ಉಸುರಿದ್ದು ಕಿವಿಗೆ ಬಿದ್ದರೆ ಸಾಕು, ತಲೆಯ ಹತ್ತಿರವೂ ಸುಳಿಯದೆ ನೇರ ಗಂಟಲಿಗಿಳಿದು ಗುಡುಗಾಗಿ ಹೊರಬೀಳುತ್ತಿತ್ತು. ಒಮ್ಮೆ ಮರೆಯಲ್ಲಿ ನಿನಗೆ ಸೀನು ಬಂದಾಗ ನಾನೂ ಸಿಂಹಾಸನದ ಮೇಲೆ ಕೂತು "ಆಕ್ಷೀ!" ಎಂದು ಗರ್ಜಿಸಿದ್ದು ನೆನಪಿದೆಯೇ? ಜನ ಬಿದ್ದು ಬಿದ್ದು ನಕ್ಕರು. ನಾನು ನಿನ್ನನ್ನು ನಂಬಿದ್ದು ಅಷ್ಟು ಕಣೋ. ನಿನ್ನ ಸೀನನ್ನೂ ನಂಬಿದ್ದೆ.

ಕಂಪನಿ ಮುಚ್ಚಿತು. ನೀನು ಬೈಬಲ್ ಹಿಡಿದೆ. ನಾನು ನಿನ್ನ ಸಭೆಯ ವಾರ್ಷಿಕ ನಾಟಕಕ್ಕೆ ಯೇಸುವಾದೆ. ಪಿಸುಮಾತು ಆಗಲೂ ನಿನ್ನದೇ.

ನನ್ನ ತಂಗಿಯ ಕೈ ಸುಟ್ಟ ದಿನವನ್ನು ನೀನು ಮರೆತಿರಲಾರೆ. ದೊಡ್ಡ ಲಾಂಡ್ರಿಯ ಇಸ್ತ್ರಿ ಕೋಣೆ. ಗೋಡೆಯುದ್ದಕ್ಕೂ ಉಗಿಯ ಕೊಳವೆ, ಒಳಗೆ ಹೆಂಗಸರು, ಇರುವುದು ಒಂದೇ ಬಾಗಿಲು. ಬಟ್ಟೆ ಕದಿಯುತ್ತಾರೆಂದು ಅದಕ್ಕೆ ಹೊರಗಿನಿಂದ ಬೀಗ. ಕೊಳವೆ ಸಿಡಿದಾಗ ಬೀಗದ ಕೈ ಮೇಲ್ವಿಚಾರಕನ ಜೇಬಿನಲ್ಲಿತ್ತು, ಮೇಲ್ವಿಚಾರಕ ಚಹಾದಂಗಡಿಯಲ್ಲಿದ್ದ. ಅವನು ಬಾಯೊರೆಸಿಕೊಂಡು ಬರುವಷ್ಟರಲ್ಲಿ ತಂಗಿಯ ಎಡಗೈ ಮೊಣಕೈವರೆಗೆ ಬೆಂದಿತ್ತು. ಬೀಗದ ಬಗ್ಗೆ ಮೊದಲು ಬಾಯಿ ಬಿಟ್ಟವಳಿಗೆ ಮರುದಿನ ಕೆಲಸವಿಲ್ಲ. ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ.

ನೀನು ಓಡೋಡಿ ಬಂದೆ. ಆಸ್ಪತ್ರೆಯ ಮಂಚದ ಪಕ್ಕ ಕೂತು ಅತ್ತೆ. ನಾನೇ ನಿನ್ನ ಕಣ್ಣೊರೆಸಿದೆ. ಆಗ ಉಪಾಯ ಹೇಳಿದವನೂ ನೀನೇ: "ಯೇಸು ತನ್ನೂರಿನ ಸಭಾಮಂದಿರದಲ್ಲಿ ಎದ್ದು ಸುರುಳಿ ಓದೋ ದೃಶ್ಯ ಆಡೋಣ ನಗಾರಿ. ಲಾಂಡ್ರಿ ಯಜಮಾನರು ಮುಂದಿನ ಸಾಲಲ್ಲೇ ಕೂತಿರ್ತಾರೆ. ಬಡವರಿಗೆ ಶುಭವಾರ್ತೆ, ಸೆರೆಯಲ್ಲಿರೋರಿಗೆ ಬಿಡುಗಡೆ ಅಂತ ನೀನು ಗುಡುಗು. ಆ ಮಾತು ಕೇಳ್ತಿದ್ದಂಗೆ ಹೆಂಗಸರೆಲ್ಲ ಒಟ್ಟಿಗೇ ಏಳಲಿ. ಯಾರು ಮೊದಲು ಎದ್ದರು ಅಂತ ಗೊತ್ತಾಗಬಾರದು. ನಾನು ಮುಂದೆ ಬಂದು ಬೀಗದ ಮಾತು ಎತ್ತುತ್ತೀನಿ." ತಂಗಿ ನೋವಿನಲ್ಲೂ ನಕ್ಕಳು. "ಅಣ್ಣನಿಗೆ ಮಾತು ಸರಿಯಾಗಿ ಕೊಡಿ ಅಷ್ಟೇ. ನೀವು ಸೀನಿದ್ರೆ ಅವನೂ ಸೀನ್ತಾನೆ" ಅಂದಳು.

ಆ ಸಂಜೆ ಬಂತು. ಬಿಳಿ ಅಂಗಿ ತೊಟ್ಟು ನಿಂತೆ. ಸುರುಳಿ ಬಿಚ್ಚಿದೆ, ಅದರಲ್ಲಿ ಒಂದಕ್ಷರವೂ ಇರಲಿಲ್ಲ, ಇದ್ದಿದ್ದರೂ ನಾನೆಲ್ಲಿ ನೋಡುವವನು? ಹಿಂದಿನ ಬೆಂಚುಗಳಲ್ಲಿ ಹೆಂಗಸರ ಅಂಗೈಗಳು ಮುಂದಿನ ಬೆಂಚಿನ ಬೆನ್ನನ್ನು ಹಿಡಿದಿದ್ದವು, ಏಳಲು ಸಿದ್ಧವಾಗಿ. ನಡುವೆ ತಂಗಿ, ಎದೆಗೆ ಕಟ್ಟಿದ ಕೈ.

ಪಿಸುದನಿ ಬಂತು. ನನ್ನ ಗಂಟಲು ಗುಡುಗಿತು: "ಕ್ರಿಸ್ತನು ನಿಮ್ಮ ಪಾಪಗಳಿಗಾಗಿ ಸತ್ತು, ಮತ್ತೆ ಎದ್ದನು! ನಂಬಿರಿ, ನಿಮ್ಮ ಆತ್ಮಕ್ಕೆ ಬಿಡುಗಡೆ!"

ಅಯ್ಯೋ ಪಾಪಿ! ಇನ್ನೂ ಸಾಯದ ಯೇಸುವಿನ ಬಾಯಲ್ಲಿ ಸತ್ತು ಎದ್ದ ಕಥೆ ಹೇಳಿಸಿದೆಯಲ್ಲೋ! ಶಿಲುಬೆಯ ಮರವನ್ನು ಇನ್ನೂ ಯಾರೂ ಕಡಿದಿರಲಿಲ್ಲ! ಮುಂದಿನ ಸಾಲಿನವರಿಗೆ ಅದೂ ತಿಳಿಯಲಿಲ್ಲ, ಯಜಮಾನರು ಚಪ್ಪಾಳೆ ತಟ್ಟಿದರು. ಹಿಂದೆ ಅಂಗೈಗಳು ಒಂದೊಂದಾಗಿ ಬೆಂಚಿನಿಂದ ಜಾರಿದವು. ಕೊಟ್ಟ ಮಾತು ಬರುತ್ತದೆಂದು ತಂಗಿ ಮಾತ್ರ ಅರ್ಧ ಎದ್ದೇ ಇದ್ದಳು. ನಾನು ಮತ್ತೆ ಬಾಯಿ ತೆರೆದೆ, ಕಿವಿಗೆ ಏನೂ ಬೀಳಲಿಲ್ಲ. ಕಿವಿಗೆ ಬೀಳದ್ದು ಬಾಯಿಗೆ ಬರುವುದು ಹೇಗೆ? ನೀನು ಪರದೆ ಇಳಿಸಿಬಿಟ್ಟೆ.

ಆಮೇಲೆ ಹಿಂದಿನ ಕೋಣೆಯಲ್ಲಿ, ನನ್ನ ಮುಖ ನೋಡದೆ ಲೋಟ ತೊಳೆಯುತ್ತಾ ಏನಂದೆ? "ಎರಡೂ ಸುವಾರ್ತೆನೇ ಅಲ್ವೇನೋ? ಒಂದು ಲೂಕ ಬರೆದದ್ದು, ಇನ್ನೊಂದು ಪೌಲ ಸಾರಿದ್ದು. ಬೀಗ ಇವತ್ತಿರುತ್ತೆ, ನಾಳೆ ತುಕ್ಕು ಹಿಡಿಯುತ್ತೆ. ಆತ್ಮ ಶಾಶ್ವತ ಕಣೋ."

ಒಪ್ಪಿದೆ. ಎರಡೂ ಸುವಾರ್ತೆಯೇ. ಕುರಿ ಕಾಯುವವರಿಗೆ ಅದು ಒಂದು ಮಗುವಿನ ಸುದ್ದಿ, ಬೆಸ್ತರಿಗೆ ದೇವರ ರಾಜ್ಯ ಹತ್ತಿರ ಬಂತೆಂಬ ಕೂಗು, ಪೌಲನಿಗೆ ಸತ್ತು ಎದ್ದ ಕ್ರಿಸ್ತ. ನನ್ನ ಅಮ್ಮ ಕಣ್ಣು ಮುಚ್ಚುವಾಗ ನೀನು ಅವಳ ಕಿವಿಯಲ್ಲಿ ಉಸುರಿದ್ದು ಪೌಲನ ಮಾತನ್ನೇ. ಅವಳು ನಗುನಗುತ್ತಾ ಹೋದಳು. ಆ ಮಾತನ್ನು ನಾನು ಹೀಗಳೆಯಲಾರೆ. ಆದರೆ ಪೌಲನೂ ಸೆರೆಮನೆಯಲ್ಲಿ ಕೂತವನಲ್ಲವೇ? ಅವನು ಹಾಡಿದಾಗ ನೆಲ ನಡುಗಿ ಬಾಗಿಲುಗಳು ತೆರೆದುಕೊಂಡವು ಎಂದು ನೀನೇ ಬೋಧಿಸಿದ್ದೀಯೆ. ನೀನು ಅವನ ಹಾಡನ್ನು ಇಟ್ಟುಕೊಂಡೆ, ಬಾಗಿಲನ್ನು ಬಿಟ್ಟೆ. ತನ್ನೂರಿನಲ್ಲಿ ಬಿಡುಗಡೆಯ ಸುರುಳಿ ಓದಿದ ಯೇಸುವನ್ನು ಜನ ಬೆಟ್ಟದ ಅಂಚಿನಿಂದ ನೂಕಲು ಎಳೆದೊಯ್ದರು. ನಿನಗೆ ಚಪ್ಪಾಳೆ ಸಿಕ್ಕಿತು. ಓದಿದ್ದು ಯಾವ ಸುವಾರ್ತೆ ಎಂದು ಅಲ್ಲಿಗೇ ತಿಳಿಯಬೇಕಿತ್ತು ನನಗೆ.

ಆದರೂ ನಾನು ಪೆದ್ದ. ಅವಸರದಲ್ಲಿ ಪುಟ ತಪ್ಪಿರಬೇಕು ಎಂದು ನಿನ್ನ ಪರವಾಗಿ ತಂಗಿಯೊಡನೆ ಜಗಳವಾಡಿದೆ. ಆಮೇಲೆ ಒಂದು ದಿನ ಅವಳ ಇಸ್ತ್ರಿ ಮೇಜಿಗೆ ಕೆಂಪು ಮಖಮಲ್ಲಿನ ಪರದೆ ಬಂತು. ನಿನ್ನ ಸಭೆಯ ವೇದಿಕೆಗೆ ಯಜಮಾನರ ಕಾಣಿಕೆಯಂತೆ. ನಾಟಕಕ್ಕೆ ಮೊದಲೇ ನಿಮ್ಮಿಬ್ಬರ ನಡುವೆ ಮಾತಾಗಿತ್ತಂತೆ. ಮೇಲ್ವಿಚಾರಕನೇ ನಗುತ್ತಾ ಹೇಳಿದನಂತೆ. ಬೀಗ ಹಾಕಿದ ಅದೇ ಕೋಣೆಯಲ್ಲಿ, ಆರಿದ ಗಾಯದ ಕೈಯಲ್ಲಿ ಅವಳು ಅದನ್ನು ಇಸ್ತ್ರಿ ಮಾಡಿದಳು. ಮನೆಗೆ ಬಂದು, "ಒಂದು ಸುಕ್ಕೂ ಬಿಟ್ಟಿಲ್ಲ ಅಣ್ಣಾ. ನಿನ್ನ ಗೆಳೆಯ ಅದರ ಹಿಂದೆ ಚೆನ್ನಾಗಿ ಅಡಗಬಹುದು" ಅಂದಳು. ಅಷ್ಟೇ.

ನೀನು ಹೆದರಿದೆ ಎಂದು ಹೇಳಿದ್ದರೆ ಕ್ಷಮಿಸುತ್ತಿದ್ದೆ. ಆದರೆ ತಂಗಿಗೆ ಮೋಸ ಮಾಡಲು ಬೇರೆ ಯಾರ ಗಂಟಲೂ ಸಿಗಲಿಲ್ಲವೇ ನಿನಗೆ? ಅವಳ ಅಣ್ಣನದೇ ಬೇಕಾಯಿತೇ?

ಕೇಳು. ನಾಳೆ ಸಂಜೆ ಪಾಳಿ ಬಿಡುವ ಹೊತ್ತಿಗೆ ಲಾಂಡ್ರಿಯ ಗೇಟಿನೆದುರು, ಬೀದಿಯಲ್ಲಿ, ಅದೇ ದೃಶ್ಯ ಆಡುತ್ತೇನೆ. ಪರದೆಯಿಲ್ಲ, ಪಿಸುಮಾತಿಲ್ಲ. ಜೀವಮಾನದಲ್ಲಿ ಮೊದಲ ಸಲ ಬಾಯಿಪಾಠ ಮಾಡಿದ್ದೇನೆ ಕಣೋ! ತಂಗಿ ಹೇಳಿಕೊಟ್ಟಳು, ತಪ್ಪಿದಾಗಲೆಲ್ಲ ಆ ಬೆಂದ ಕೈಯಿಂದಲೇ ತಲೆಗೆ ಮೊಟಕಿದಳು. ಹೆಂಗಸರು ಏಳುತ್ತಾರೋ ಇಲ್ಲವೋ ಗೊತ್ತಿಲ್ಲ. ಒಮ್ಮೆ ನನ್ನ ದನಿಯನ್ನು ನಂಬಿ ಕೆಟ್ಟವರು ಅವರು. ಬರುವ ಮನಸ್ಸಾದರೆ ನೀನೂ ಬಾ. ಮರೆಯಲ್ಲಿ ಬೇಡ, ಎದುರಿಗೆ ನಿಂತು ಕೇಳು.

ಬೈದು ಮುಗಿಸಲಾರೆ, ಹರಸಿಯೇ ಬೀಳ್ಕೊಡುತ್ತೇನೆ: ನೀನು ಮಲಗುವ ಕೋಣೆಯ ಬಾಗಿಲು ಎಂದೆಂದಿಗೂ ಒಳಗಿನಿಂದಲೇ ತೆರೆಯುವಂತಿರಲಿ.

ನಿನ್ನ ಪಿಸುಮಾತಿಲ್ಲದೆ ಬಾಯಿ ತೆರೆಯಲು ಕಲಿತ,
ನಗಾರಿ