ಮಾಳಿಗೆಯ ಮೇಲಿನ ಕೃತ್ತಿಕೆ

ಮಾನ್ವಿ,
೩ ಏಪ್ರಿಲ್ ೨೦೨೫

ವರ್ಗ ಬಿಟ್ಟು ವರ್ಗವಾಗಿ ಹೋದ ಗೆಳೆಯ ಅನಿಲಕುಮಾರನಿಗೆ,

ಸಲಾಮು, ಜೈ ಭೀಮ್, ಎರಡೂ. ದೇವದುರ್ಗದ ಬಿಸಿಲು ನಿನ್ನನ್ನು ಇನ್ನೂ ಹುರಿದು ಮುಗಿಸಿಲ್ಲವೆಂದು ನಂಬಿದ್ದೇನೆ. ನೀನು ಹೋಗುವಾಗ ಕೊಟ್ಟ ದುರ್ಬೀನಿಗೆ ಈವರೆಗೆ ಒಂದು ಧನ್ಯವಾದವನ್ನೂ ಬರೆಯಲಿಲ್ಲ, ಕ್ಷಮಿಸು. ವಾಟ್ಸಾಪಿನಲ್ಲಿ ಹೇಳಿದರೆ ನೀನು ಹೆಬ್ಬೆರಳು ತೋರಿಸಿ ಮುಗಿಸುವವನು. ಅದಕ್ಕೇ ಈ ಕಾಗದ.

ಕಾಲೇಜಿನದು ಹೇಳುವಂಥ ಸುದ್ದಿಯೇನಿಲ್ಲ. ನಮ್ಮ ಜೊತೆಗಿದ್ದ ಹನುಮಂತ್ರಾಯನೂ ವರ್ಗವಾಗಿ ರಾಯಚೂರಿಗೆ ಹೋದ. ಸ್ಟಾಫ್‌ರೂಮಿನಲ್ಲಿ ಈಗ ನನಗುಳಿದಿರುವ ಫ್ಯಾನ್ ಒಂದೇ, ಅದೂ ಕರೆಂಟ್ ಇದ್ದರೆ. ಕೃತ್ತಿಕೆ ಒಂದು ತೆರೆದ ತಾರಾಗುಚ್ಛ, ಒಟ್ಟಿಗೇ ಹುಟ್ಟಿದ ಚುಕ್ಕಿಗಳು ಮೆಲ್ಲಗೆ ಚದುರಿ ಹೋಗುತ್ತವೆ ಎಂದು ಚಹಾ ಕುಡಿಯುತ್ತ ಹೇಳಿದ್ದೆಯಲ್ಲ. ಭೌತಶಾಸ್ತ್ರದ ಪಾಠವೆಂದುಕೊಂಡಿದ್ದೆ. ನಮ್ಮ ಭವಿಷ್ಯವನ್ನೇ ಹೇಳಿದ್ದೆ, ಪುಣ್ಯಾತ್ಮ.

ನಾನು ಕೃತಿ ನೋಡುವ ಕನ್ನಡ ಮೇಷ್ಟ್ರು, ನೀನು ಕೃತ್ತಿಕೆ ನೋಡುವವನು. ಆದರೂ ಈದ್‌ನ ಮರುದಿನ ನೀನಿಲ್ಲದೆಯೇ ನೋಡೋಣ ಎನಿಸಿತು. ಎಳೆ ಚಂದ್ರ ಆ ಸಂಜೆ ಕೃತ್ತಿಕೆಯ ಪಕ್ಕಕ್ಕೇ ಬಂದು ನಿಲ್ಲುತ್ತಾನೆಂದು ಪೇಪರಿನಲ್ಲಿತ್ತು. ಅಸ್ಮತ್‌ಳನ್ನೂ ಮಾಳಿಗೆಗೆ ಕರೆದುಕೊಂಡು ಹೋದೆ. ನನ್ನ ಹೆಂಡತಿಯ ಕಣ್ಣು ಎಂಥದೆಂದು ನಿನಗೆ ಗೊತ್ತು: ಹಬ್ಬದ ಚಂದ್ರ ಮೊದಲು ಅವಳಿಗೆ ಕಂಡು ಆಮೇಲೆ ಓಣಿಗೆ ಕಾಣಬೇಕು. ಈ ಸಲ ಮಾತ್ರ ಪಕ್ಕದ ಮನೆಯ ಪೀರಾ ಸಾಬ್ ಕೂಗಿದ ಮೇಲೆ ಇವಳು ಹೂಂ ಅಂದಿದ್ದಳು. ಪಾಪ, ಮುದುಕರಿಗೆ ಒಂದು ಅವಕಾಶ ಕೊಟ್ಟಳೆಂದು ತಿಳಿದೆ.

ದುರ್ಬೀನನ್ನು ಅವಳ ಕೈಗಿಟ್ಟೆ. ಕಣ್ಣಿಗೆ ಹಚ್ಚಿಕೊಂಡು ಬಹಳ ಹೊತ್ತು ನಿಂತಳು.

“ಕಾಣಾಕತ್ತಾವ್ರೀ. ಮಲ್ಲಿಗಿ ಮೊಗ್ಗು ಚೆಲ್ಲಿದಂಗ ಅದಾವ,” ಅಂದಳು.

ಆಗ ನೋಡಿದೆ: ದುರ್ಬೀನಿನ ಮುಂದಿನ ಎರಡೂ ಮುಚ್ಚಳಗಳನ್ನು ನಾನು ತೆಗೆದೇ ಇರಲಿಲ್ಲ. ದಿನಾಂಕವೋ ಏಪ್ರಿಲ್ ಒಂದು. ಫೂಲ್ ಮಾಡುವುದನ್ನು ನನ್ನಿಂದ ಕಲಿತು ನನಗೇ ತಿರುಗಿಸಿದಳೆಂದು ಹೊಟ್ಟೆ ಹಿಡಿದು ನಕ್ಕೆ. ಪೀರಾ ಸಾಬರನ್ನೂ ಕೂಗಿ ಕರೆದು ಹೇಳಿದೆ. ಅವರೂ ನಕ್ಕರು. ಅವಳು ನಗಲಿಲ್ಲ. ಮುಚ್ಚಳ ತೆಗೆದು ಮತ್ತೆ ಕೊಟ್ಟೆ. ಮತ್ತೆ ಅದೇ ಮಲ್ಲಿಗೆ ಅಂದಳು. ದುರ್ಬೀನು ತಿರುಗಿದ್ದು ಪೀರಾ ಸಾಬರ ನೀರಿನ ಟಾಕಿಯ ಕಡೆಗೆ.

ಚಂದ್ರ ಎಲ್ಲಿದ್ದಾನೆ, ತೋರಿಸು ಅಂದೆ. ಅವಳ ಬೆರಳು ಆಕಾಶದಲ್ಲಿ ಸುಮ್ಮನೆ ತಿರುಗಾಡಿತು. ಕೈಹಿಡಿದು ಕೆಳಗಿಳಿಸಿದೆ. ಆ ಮೆಟ್ಟಿಲುಗಳನ್ನು ಅವಳು ಕಾಲಿನಿಂದ ಹುಡುಕಿ ಇಳಿಯುತ್ತಾಳೆಂದು ಇಷ್ಟು ದಿನ ನಾನು ಗಮನಿಸಿಯೇ ಇರಲಿಲ್ಲ.

ನಿನ್ನೆ ರಾಯಚೂರಿನಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆಯಂತೆ. ಹೋದ ನೋಟ ಬರುವುದಿಲ್ಲ, ಉಳಿದದ್ದನ್ನಾದರೂ ದಿನವೂ ಹನಿ ಹಾಕಿ ಕಾಪಾಡಿಕೊಳ್ಳಬೇಕು, ಕಳೆದ ವರ್ಷವೇ ಬಂದಿದ್ದರೆ ಚೆನ್ನಾಗಿತ್ತು ಎಂದರು. ಮಂದಿಯ ಮಕ್ಕಳ ಒತ್ತಕ್ಷರ ತಿದ್ದುವವನಿಗೆ ಮನೆಯೊಳಗಿನ ಒತ್ತಡ ಕಾಣಲಿಲ್ಲ, ನೋಡು.

ಸಂಜೆ ಒಬ್ಬನೇ ಮಾಳಿಗೆ ಹತ್ತಿದೆ. ಚಂದ್ರ ದೂರ ಸರಿದಿದ್ದ. ಕೃತ್ತಿಕೆ ಅಲ್ಲೇ ಇತ್ತು, ನಿಜಕ್ಕೂ ಮೊಗ್ಗು ಚೆಲ್ಲಿದ ಹಾಗೆಯೇ. ನೋಡು ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ದುರ್ಬೀನಿಗೆ ಎರಡು ಕಣ್ಣಿದ್ದರೇನು, ಇಬ್ಬರು ನೋಡುವುದಕ್ಕಾಗುವುದಿಲ್ಲ. ಒಂದು ಭಾನುವಾರ ಬಾರೋ.

ನಿನ್ನ ಮಗಳು ಸಂಘಮಿತ್ರಾಳ ಪರೀಕ್ಷೆ ಸುಸೂತ್ರವಾಗಲಿ. ನಿಮ್ಮೆಲ್ಲರ ಕಣ್ಣು ತಂಪಾಗಿರಲಿ ಎಂದು ದುವಾ.

ನಿನ್ನ,
ಮುಷರ್ರಫ್

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ರಾಯಚೂರಿನಿಂದ ಮರಳುವಾಗ, ಬಸ್ಸು ಕಲ್ಲೂರು ದಾಟಿದ ಮೇಲೆ, ವರ್ಷವಿಡೀ ನನ್ನಿಂದ ಯಾಕೆ ಮುಚ್ಚಿಟ್ಟೆ ಎಂದು ಅಸ್ಮತ್‌ಳನ್ನು ಕೇಳಿದೆ. ನಮ್ಮ ಮನೆಮಾತು ದಖ್ಖನಿಯಾದರೂ ನನಗೆ ತಾಗಬೇಕಾದ ಮಾತನ್ನು ಅವಳು ಕನ್ನಡದಲ್ಲೇ ಹೇಳುವುದು.

“ನೀವು ಎಲ್ಲಾದರಾಗೂ ನಗಿ ಹುಡುಕ್ತೀರಿ,” ಅಂದಳು. “ನಿಮಗ ಹೇಳಿದ್ರ ಇದೂ ಒಂದು ಜೋಕ್ ಆಗ್ತದಂತ ಅಂಜಿದೆ. ನನಗ ಕಾಣಂಗಿಲ್ಲಂತ ಮಂದಿ ನಗೋದು ಬ್ಯಾಡಾಗಿತ್ತು.”

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಅನಿಲ. ನಾಲಿಗೆಯ ತುದಿಗೆ ಮೊದಲು ಬಂದದ್ದು ಒಂದು ಶ್ಲೇಷೆ. ನುಂಗಿಕೊಂಡೆ.