ತೋಳ ಸತ್ತ ಮೇಲೆ ನೀನು ಕೂಗಿದ್ದು

ನನ್ನ ಮನೆಯವಳಾದ ರತ್ನಳಿಗೆ,

ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದ ನಮಗೆ ಕಾಗದದ ಅಗತ್ಯ ಬಿದ್ದಿರಲಿಲ್ಲ. ಇದೇ ಮೊದಲನೆಯದು. ಮೊನ್ನೆ ಶಿರಾದಲ್ಲಿ ಒಂದು ಸಂಗತಿ ನಡೆಯಿತು. ನಿನಗಲ್ಲದೆ ಇನ್ಯಾರಿಗೆ ಹೇಳಲಿ? ನೇರವಾಗಿ ಹೇಳಲು ನನಗೆ ಬರುವುದಿಲ್ಲ ಅಂತ ನಿನಗೆ ಗೊತ್ತೇ ಇದೆ...

ನಮ್ಮ ಮದುವೆಯಾದ ಮೂರನೇ ವರ್ಷ ನೆನಪಿದೆಯಾ? ಶಿರಾದಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದ ನನ್ನ ಕಾಲೇಜು ಗೆಳೆಯ ಬಾಬಾಜಾನ್ ಮನೆಗೆ ಬಂದವನೇ, "ಯಾರ್, ಕಾಲೇಜಲ್ಲಿ ನೋಡಿದ್ವಲ್ಲ, ಇಂಗ್ಲೀಷ್ ತೋಳಮನುಷ್ಯನ ಪಿಕ್ಚರು? ಅದನ್ನ ನಮ್ಮ ಮಧುಗಿರಿ ಬೆಟ್ಟದಾಗೇ ಕನ್ನಡದಾಗೆ ತೆಗೆದ್ಬುಡಾನ" ಅಂದ. ಹುಣ್ಣಿಮೆಗೆ ತೋಳವಾಗುವ ಮನುಷ್ಯ. ಬೆಳ್ಳಿಯ ಗುಂಡು ತಗುಲಿದರೆ ಮಾತ್ರ ಸಾಯುವವನು. ಆ ಮನುಷ್ಯ ನಾನೇ. ಹೊಸ ಕ್ಯಾಸೆಟ್ ಕೊಳ್ಳುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಯಾರದೋ ಮದುವೆ ತೆಗೆದ ಕ್ಯಾಸೆಟ್ಟಿನ ಕೊನೆಯಲ್ಲಿ ಐದೋ ಹತ್ತೋ ನಿಮಿಷ ಉಳಿಯುತ್ತಿತ್ತಲ್ಲ, ಅದರಲ್ಲೇ ನಮ್ಮ ಸಿನಿಮಾ. ಮಟಮಟ ಮಧ್ಯಾಹ್ನ ಲೆನ್ಸಿಗೆ ನೀಲಿ ಕಾಗದ ಕಟ್ಟಿ ಹುಣ್ಣಿಮೆ ಮಾಡುತ್ತಿದ್ದೆವು.

ಪಾವಗಡದಿಂದ ನಿಮ್ಮಪ್ಪ, ನಿನ್ನ ನಾಯ್ನ, ಕೊಟ್ಟು ಕಳಿಸಿದ್ದ ಕರಿ ಕಂಬಳಿಯನ್ನು ಕತ್ತರಿಸಿ ನೀನೇ ತೋಳದ ಚರ್ಮ ಹೊಲಿದೆ. "ಕುರಿ ಕಾಯೋರ ಮನೆ ಮಗಳ ಕೈಲಿ ತೋಳ ಹೊಲಿಸ್ತೀರಲ್ಲ, ನಮ್ ನಾಯ್ನ ನೋಡಿದ್ರೆ ದೊಣ್ಣೆ ತಗೊಂಡು ಬತ್ತಾನೆ" ಅಂದಿದ್ದೆ. ನಾನು ಕನ್ನಡಿ ಮುಂದೆ ನಿಂತು, "ದಿ ಕರ್ಸ್ ಈಸ್ ಅಪಾನ್ ಮಿ" ಎಂದು ಗುಡುಗಿದರೆ, "ತೋಳಕ್ಕ್ಯಾಕ್ರೀ ಇಂಗ್ಲೀಷು? ಹಸಿದ್ರೆ ಕೂಗ್ತದೆ, ಉಂಡ್ರೆ ಮಲಗ್ತದೆ, ನಿಮ್ಮಂಗೇ" ಎಂದು ನೀನು ದಾರ ಕಚ್ಚಿ ನಕ್ಕೆ.

ನಗು ನಿಂತಿದ್ದು ಬೆಳ್ಳಿಯ ಗುಂಡಿನ ಹೊತ್ತಿಗೆ. ಬಂದೂಕಿಲ್ಲ, ಕವಣೆಯಲ್ಲಿ ಬೀಸಿದರಾಯಿತು ಅಂದ ಬಾಬಾಜಾನ್. ಬೆಳ್ಳಿಗೆ ನಿನ್ನ ಕಾಲುಂಗುರ ಕೇಳಿದೆ. ನೀನು ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡೆ. "ನೀವಿನ್ನೂ ಬದುಕಿದ್ದೀರಲ್ರೀ! ಇದನ್ನ ತೆಗ್ದು, ಅದ್ರಲ್ಲೇ ನಿಮ್ಮನ್ನ ಹೊಡೀಬೇಕಾ?" ಇದೆಲ್ಲ ಸೂಪರ್‌ಸ್ಟಿಷನ್ನು ಅಂತ ನಾನು ಭಾಷಣ ಮಾಡಿದೆ. ನೀನು ಉಂಗುರ ಬಿಚ್ಚಲಿಲ್ಲ. ಕೊನೆಗೆ ಸಿಗರೇಟಿನ ಬೆಳ್ಳಿ ಕಾಗದವನ್ನು ಒಂದು ಕಲ್ಲಿಗೆ ಸುತ್ತಿದೆವು.

ಕೊನೆಯ ದೃಶ್ಯ ತೆಗೆದ ದಿನ ನಾನು ಬಂಡೆಯ ಮೇಲೆ ಕಲ್ಲು ತಗುಲಿದಂತೆ ಬಿದ್ದೆ. ಕ್ಯಾಮೆರಾಕ್ಕೆ ಕೊಡೆ ಹಿಡಿದಿದ್ದ ನೀನು ಇದ್ದಕ್ಕಿದ್ದಂತೆ ಕೂಗಿದೆ. ಅದರ ಹಿಂದೆಯೇ ಕ್ಯಾಸೆಟ್ ಮುಗಿಯಿತು, ಮತ್ತೆ ತೆಗೆಯಲು ಜಾಗವಿರಲಿಲ್ಲ. "ಈಡಿಯಟ್! ಎಲ್ಲಾ ಸ್ಪಾಯಿಲ್ ಮಾಡ್ಬುಟ್ಟೆ!" ಅಂದೆ ನಾನು, ಬಾಬಾಜಾನನ ಎದುರಿಗೇ. ನೀನು ಕೊಡೆ ಮಡಚಿ ಬೆಟ್ಟ ಇಳಿದೆ. ಆಮೇಲೆ ನಾನು ನಿನ್ನ ಕೂಗಿನ ಮೇಲೆ ತಮಟೆ ಸದ್ದು ಹಾಕಿಸಿ ಮುಚ್ಚಿಬಿಟ್ಟೆ. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಕ್ಷಮೆ ಕೇಳಿದೆನಾ?

ನೀನು ಹೋಗಿ ಹನ್ನೊಂದು ತಿಂಗಳು. ಕಾಲುಂಗುರ ಹಾಕಿಕೊಂಡೇ ಹೋದೆ. ಪುಣ್ಯವಂತೆ ಅಂದರು ಹೆಂಗಸರು. ಇರಬಹುದು. ನನಗೆ ಮಾತ್ರ ನಿನ್ನ ದನಿ ಮರೆತುಹೋಗುತ್ತಿತ್ತು ರತ್ನ. ನೀನಾಡಿದ ಮಾತೆಲ್ಲ ನೆನಪಿದೆ, ಆದರೆ ಅವು ನನ್ನ ದನಿಯಲ್ಲೇ ಕೇಳಿಸುತ್ತವೆ. ಮಗಳು ಕವಿತಾಳ ಫೋನಿನಲ್ಲಿ ನಿನ್ನ ಫೋಟೋಗಳಿವೆ, ಮಾತು ಒಂದೂ ಇಲ್ಲ. ವಿಡಿಯೋ ಅಂದರೆ ಸೆರಗು ಮುಖಕ್ಕೆ ಹಿಡಿದು ಒಳಗೆ ಓಡುತ್ತಿದ್ದೆಯಲ್ಲ. ಜಗಲಿಯ ಕುರ್ಚಿಯಲ್ಲೇ ನನ್ನ ದಿನ ಕಳೆಯುತ್ತಿತ್ತು. "ಅಪ್ಪ, ಸ್ನಾನನಾದ್ರೂ ಮಾಡು" ಅಂತ ಕವಿತಾ ಗದರುವಳು. ಯಾಕೆ ಏಳಬೇಕು ಅನ್ನಿಸುತ್ತಿತ್ತು.

ಸೋಮವಾರ ಥಟ್ಟನೆ ಆ ಕ್ಯಾಸೆಟ್ಟು ನೆನಪಾಗಿ ಶಿರಾ ಬಸ್ಸು ಹತ್ತಿದೆ. ತಮಟೆ ಸೇರಿಸುವ ಮೊದಲಿನದು ಎಲ್ಲಾದರೂ ಉಳಿದಿದ್ದರೆ... ಬಾಬಾಜಾನನ ಗಡ್ಡವೆಲ್ಲ ಬಿಳಿ. "ಜನರ ಮದುವೆ ಯಾರ್, ಅಳಿಸಾಕೆ ಮನಸು ಬರಲಿಲ್ಲ" ಎಂದು ಟ್ರಂಕು ತೆರೆದ. ನಮ್ಮ ಕೊನೆಯ ದೃಶ್ಯ ತೋವಿನಕೆರೆಯ ಯಾರದೋ ಮದುವೆಯ ಬಾಲದಲ್ಲಿತ್ತು. ಬೇಗ ಮುಂದಕ್ಕೆ ಓಡಿಸಿದರೆ ಹಳೇ ಟೇಪು ಹರಿದೀತೆಂದು ಪೂರ್ತಿ ಕೂತು ನೋಡಿದೆವು: ಧಾರೆ, ಊಟದ ಪಂಕ್ತಿ, ಹೆಣ್ಣು ಕಳಿಸುವಾಗಿನ ಅಳು. ಆಮೇಲೆ ಪರದೆಯೆಲ್ಲ ನೀಲಿಯಾಯಿತು.

"ತೋಳ ಏನೋ ಇದು, ಟಗರಿದ್ದಂಗೈತೆ!" ಅಂತ ಬಾಬಾಜಾನ್ ನಕ್ಕ. ನಾನು ಬಿದ್ದೆ. ಆಗ ನೀನು. ನೀನು ಕಾಣುವುದಿಲ್ಲ, ಕೊಡೆಯ ನೆರಳು ಮಾತ್ರ.

"ರೀ... ಸಾಕು, ಎದ್ದೇಳ್ರೀ. ಅಂಗೆ ಬಿದ್ಕಬ್ಯಾಡ್ರಿ, ನಂಗೆ ನೋಡಾಕಾಗಕಿಲ್ಲ. ಎದ್ದೇಳಿ, ಮನೆಗೋಗಾನ."

ಬಾಬಾಜಾನನ ನಗು ನಿಂತಿತು. ಇನ್ನೊಂದು ಸಲ ಹಾಕು ಅಂದೆ. ಹಾಕಿ, ಗೋಡೆಯ ಕಡೆ ತಿರುಗಿ ಕೂತ.

ಈಗ ಅದು ನನ್ನ ಫೋನಿನಲ್ಲಿದೆ. ಬೆಳಗ್ಗೆ ಕೇಳುತ್ತೇನೆ, ಏಳುತ್ತೇನೆ, ಸ್ನಾನ ಮಾಡುತ್ತೇನೆ. ಕುರ್ಚಿಯನ್ನು ಒಳಗಿಟ್ಟಿದ್ದೇನೆ. ಕವಿತಾ ಎರಡು ಲೋಟ ಕಾಫಿ ತಂದು ಪಕ್ಕದಲ್ಲಿ ಕೂತಳು. ತಮಟೆ ತೆಗೆಯಲು ಬಾಬಾಜಾನನಿಗೆ ಹೇಳಿದ್ದೇನೆ. ಇನ್ನು ಮೇಲೆ ನಮ್ಮ ಸಿನಿಮಾ ನಿನ್ನ ದನಿಯಲ್ಲೇ ಮುಗಿಯುತ್ತದೆ. ನಿನಗೆ ಗೊತ್ತಿಲ್ಲದ ಒಂದು ಸುದ್ದಿ ಕೇಳು: ಕ್ಯಾಸೆಟ್ ಮುಗಿಯುವ ಮುನ್ನ, ಒಂದೇ ಕ್ಷಣ, ನಿನ್ನ ಮಾತು ಕೇಳಿ ತೋಳ ತಲೆ ಎತ್ತುತ್ತದೆ.

ಎದ್ದಿದ್ದೇನೆ ಕಣೇ. ಮನೆಗೆ ಹೋಗೋಣ ಅಂದೆಯಲ್ಲ, ಅದೊಂದು ಮಾತ್ರ ಒಬ್ಬನೇ ಹೇಗೆ...